ಕಿಟಕಿ ತೆಗೆಸಿದ ಕಥೆ

ಕೊರೊನಾದಿಂದಾಗಿ ಮುಚ್ಚಿದ್ದ ಪದವಿ ಕಾಲೇಜುಗಳನ್ನು 2020ರ ನವೆಂಬರ್ 17ರಿಂದ ತೆರೆಯಬಹುದು ಎಂದು ರಾಜ್ಯ ಸರ್ಕಾರ ಹೇಳಿದಾಗ ಮೈಸೂರಿನ ನಮ್ಮ ಕಾಲೇಜಿನಲ್ಲೂ ಒಂದು ಸುರಕ್ಷತಾ ಸಮಿತಿ ರಚನೆಯಾಯಿತು. ಭೌತಶಾಸ್ತ್ರ ಕಲಿಸುವ ನನ್ನನ್ನು ಅದಕ್ಕೆ ಸೇರಿಸಿದರು. ಮಾರ್ಚ್ ನಡುವಿನಿಂದ ಬೀಗ ಬಿದ್ದಿದ್ದ ಕೊಠಡಿಗಳಲ್ಲಿ, ಬೆಂಚಿನ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ದೂಳು ಕೂತಿತ್ತು. ಆ ವರ್ಷ ದಸರೆಯ ಜಂಬೂ ಸವಾರಿ ಕೂಡ ಅರಮನೆಯ ಆವರಣ ದಾಟಿ ಬೀದಿಗೆ ಬಂದಿರಲಿಲ್ಲ. ಅಂಥ ಹೊತ್ತಿನಲ್ಲಿ ಹತ್ತೊಂಬತ್ತು ಇಪ್ಪತ್ತು ವಯಸ್ಸಿನ ಮಕ್ಕಳನ್ನು ಒಂದೇ ಸೂರಿನಡಿ ಕೂರಿಸಿ ಪಾಠ ಮಾಡುವುದು ಹೇಗೆ? ಮುಂದಿನ ಒಂದೂವರೆ ವರ್ಷ ಈ ಪ್ರಶ್ನೆಯೊಂದಿಗೆ ನಾವು ಹೇಗೆ ಏಗಿದೆವು ಎಂಬುದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಮುಂದೆಂದೋ ಇಂಥದ್ದೇ ರೋಗ ಬಂದಾಗ ಇನ್ನೊಂದು ಕಾಲೇಜಿನವರು ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಗಿ ಬರಬಾರದು ಎಂಬುದು ನನ್ನ ಆಸೆ.

ಮೊದಲ ವಾರಗಳಲ್ಲಿ ನಮ್ಮ ಶ್ರಮವೆಲ್ಲ ಗೇಟಿನಲ್ಲೇ ಕಳೆಯಿತು. ತರಗತಿಗೆ ಬರುವವರು 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ವರದಿ ತರಬೇಕು, ಪೋಷಕರ ಒಪ್ಪಿಗೆ ಪತ್ರ ತರಬೇಕು, ಬರಲು ಇಷ್ಟವಿಲ್ಲದವರಿಗೆ ಆನ್‌ಲೈನ್ ಪಾಠ ಮುಂದುವರಿಯಬೇಕು ಎಂಬ ನಿಯಮಗಳಿದ್ದವು. ಪಾಂಡವಪುರ, ಕೆ.ಆರ್. ಪೇಟೆ, ಎಚ್.ಡಿ. ಕೋಟೆ, ತಿ. ನರಸೀಪುರದ ಕಡೆಯ ಮಕ್ಕಳು ಹತ್ತಿರದ ಆಸ್ಪತ್ರೆಯಲ್ಲಿ ಗಂಟಲು ದ್ರವ ಕೊಟ್ಟು, ಮೊಬೈಲಿಗೆ ಸಂದೇಶ ಬರುವುದನ್ನು ಕಾಯುತ್ತಾ ಕೂರಬೇಕಾಗಿತ್ತು. ಕೆಲವರಿಗೆ ವರದಿ ಸಿಗುವಷ್ಟರಲ್ಲಿ ಅದರ ಆಯುಸ್ಸೇ ಮುಗಿದಿರುತ್ತಿತ್ತು. ಬೆಳಗಿನ ಜಾವಕ್ಕೆ ಎದ್ದು ಎರಡು ಬಸ್ ಬದಲಿಸಿ ಬಂದ ಹುಡುಗಿಯನ್ನು ಆ ಕಾರಣಕ್ಕೆ ಗೇಟಿನಿಂದ ವಾಪಸು ಕಳುಹಿಸುವಾಗ ನಮ್ಮ ಕಾವಲುಗಾರರ ಮುಖ ನೋಡಲಾಗುತ್ತಿರಲಿಲ್ಲ.

ಜ್ವರ ನೋಡುವ ಥರ್ಮಲ್ ಗನ್ನಿನದು ಇನ್ನೊಂದು ಬಗೆ. ಡಿಸೆಂಬರಿನ ಮುಂಜಾನೆ ತಣ್ಣನೆಯ ಗಾಳಿಯಲ್ಲಿ ಬೈಕಿನಲ್ಲಿ ಬಂದವನ ಹಣೆ 94 ಡಿಗ್ರಿ ತೋರಿಸುತ್ತಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ರೈಲು ನಿಲ್ದಾಣದಿಂದ ನಡೆದು ಬಂದವನದು 99 ದಾಟುತ್ತಿತ್ತು. ಚರ್ಮದ ಮೇಲ್ಮೈಯ ಶಾಖ ಅದು. ಒಳಗಿನ ಜ್ವರವನ್ನು ಅಷ್ಟು ನೆಚ್ಚಿಕೆಯಿಂದ ಹೇಳಲಾರದು. ಅದಕ್ಕಿಂತ ಮುಖ್ಯ ಸಂಗತಿಯೆಂದರೆ, ಈ ಸೋಂಕು ಜ್ವರ ಬರುವುದಕ್ಕೆ ಒಂದೆರಡು ದಿನ ಮೊದಲೇ ಇನ್ನೊಬ್ಬರಿಗೆ ಹರಡಬಲ್ಲದು, ಅನೇಕರಿಗೆ ಜ್ವರವೇ ಬರುವುದಿಲ್ಲ. ಹೀಗಿರುವಾಗ ಗೇಟು ದಾಟಿದವರೆಲ್ಲ ಸೋಂಕಿಲ್ಲದವರು ಎಂದು ನಂಬಿ ಒಳಗೆ ನಿಶ್ಚಿಂತೆಯಿಂದ ಕೂರುವುದು ಅಪಾಯದ ನಂಬಿಕೆ ಎಂದು ನಾನು ಮೊದಲ ಸಭೆಯಲ್ಲೇ ಹೇಳಿದೆ. ಗೇಟಿನ ತಪಾಸಣೆ ಇರಲಿ, ಆದರೆ ಒಳಗೆ ಒಬ್ಬನಾದರೂ ಸೋಂಕಿತ ಕೂತಿದ್ದಾನೆ ಎಂದೇ ಭಾವಿಸಿ ಕೊಠಡಿಯನ್ನು ಸಜ್ಜುಗೊಳಿಸೋಣ ಎಂಬುದು ನನ್ನ ವಾದವಾಗಿತ್ತು.

ಅಷ್ಟು ಹೊತ್ತಿಗೆ ಓದಿಕೊಳ್ಳಲು ಸಾಕಷ್ಟು ಇತ್ತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ 2020ರ ಮಾರ್ಚ್ 10ರಂದು ಒಂದು ಗಾಯಕವೃಂದ ಅಭ್ಯಾಸಕ್ಕೆ ಸೇರಿತ್ತು. ಬಂದವರು 61 ಮಂದಿ. ಎರಡೂವರೆ ಗಂಟೆಯ ಆ ಅಭ್ಯಾಸದಲ್ಲಿ ಕಾಯಿಲೆ ಬಿದ್ದವರು 53 ಮಂದಿ. ಅಷ್ಟೂ ಜನರಿಗೆ ಮುಟ್ಟಿದ ಕೈಯಿಂದಲೋ ಕೆಮ್ಮಿದ ಹನಿಯಿಂದಲೋ ಅಂಟಿತು ಎಂದು ಹೇಳಲು ಬರುವುದಿಲ್ಲ. ಜುಲೈ ತಿಂಗಳಲ್ಲಿ 239 ವಿಜ್ಞಾನಿಗಳು ಒಟ್ಟಾಗಿ, ರೋಗ ಗಾಳಿಯ ಮೂಲಕ ಹರಡುವುದನ್ನು ಗಂಭೀರವಾಗಿ ಪರಿಗಣಿಸಿ ಎಂದು ಬಹಿರಂಗವಾಗಿ ಒತ್ತಾಯಿಸಿದರು. ಮಾತನಾಡುವಾಗ, ಹಾಡುವಾಗ, ಸುಮ್ಮನೆ ಉಸಿರಾಡುವಾಗಲೂ ಬಾಯಿ ಮೂಗಿನಿಂದ ಹೊರಬೀಳುವ ಅತಿ ಸಣ್ಣ ಕಣಗಳು ಆರಡಿ ಹೋಗಿ ನೆಲಕ್ಕೆ ಬೀಳುವುದಿಲ್ಲ. ಮುಚ್ಚಿದ ಕೊಠಡಿಯಲ್ಲಿ ಗಂಟೆಗಟ್ಟಲೆ ತೇಲುತ್ತವೆ, ಊದುಬತ್ತಿಯ ಹೊಗೆ ಮನೆಯ ಮೂಲೆಮೂಲೆಗೆ ಹೋಗಿ ನಿಲ್ಲುವ ಹಾಗೆ. ಬೆಂಚಿಗೊಬ್ಬರಂತೆ ಕೂರಿಸಿದರೆ ಹತ್ತಿರದ ಅಪಾಯ ಕಡಿಮೆಯಾಗುತ್ತದೆ, ನಿಜ. ಆದರೆ ಕೊಠಡಿಯ ಗಾಳಿ ಬದಲಾಗದಿದ್ದರೆ ಹಿಂದಿನ ಬೆಂಚಿನವನಿಗೂ ಪಾಲು ತಪ್ಪುವುದಿಲ್ಲ.

ಸಮಿತಿಯಲ್ಲಿ ಇದನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಬೆಂಚುಗಳಿಗೆ ದಿನಕ್ಕೆರಡು ಬಾರಿ ಸೋಂಕು ನಿವಾರಕ ಹೈಪೋಕ್ಲೋರೈಟ್ ದ್ರಾವಣ ಸಿಂಪಡಿಸಬೇಕು ಎಂಬುದರಲ್ಲಿ ಎಲ್ಲರಿಗೂ ಉತ್ಸಾಹವಿತ್ತು. ಸಿಂಪಡಿಸಿದ್ದು ಕಣ್ಣಿಗೆ ಕಾಣುತ್ತದೆ, ಮೂಗಿಗೆ ವಾಸನೆ ಬರುತ್ತದೆ, ಕೆಲಸ ನಡೆದಿದೆ ಎಂಬ ಸಮಾಧಾನ ಸಿಗುತ್ತದೆ. ಗಾಳಿ ಕಾಣುವುದಿಲ್ಲವಲ್ಲ. ಹಾಗಾಗಿ ಕಾಣಿಸುವಂತೆ ಮಾಡಬೇಕು ಎಂದು ನಿರ್ಧರಿಸಿದೆ.

ನಾವು ಹೊರಬಿಡುವ ಉಸಿರಿನಲ್ಲಿ ನೂರಕ್ಕೆ ಸುಮಾರು ನಾಲ್ಕು ಭಾಗ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಅಂದರೆ ಹತ್ತು ಲಕ್ಷಕ್ಕೆ 40,000 ಭಾಗ. ಹೊರಗಿನ ತಾಜಾ ಗಾಳಿಯಲ್ಲಿ ಅದು 410ರ ಆಸುಪಾಸು. ಆದ್ದರಿಂದ ಕೊಠಡಿಯಲ್ಲಿ ಈ ಅನಿಲ ಎಷ್ಟಿದೆ ಎಂದು ಅಳೆದರೆ, ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಷ್ಟು ಎಳೆದುಕೊಳ್ಳುತ್ತಿದ್ದಾರೆ ಎಂದು ತಿಳಿಯುತ್ತದೆ. ಅಳೆಯುವ ಒಳ್ಳೆಯ ಮೀಟರಿನ ತತ್ವ ನಮ್ಮ ಪಠ್ಯದಲ್ಲೇ ಇದೆ: 4.26 ಮೈಕ್ರೊಮೀಟರ್ ತರಂಗಾಂತರದ ಅವಕೆಂಪು ಕಿರಣವನ್ನು ಈ ಅನಿಲ ಹೀರಿಕೊಳ್ಳುತ್ತದೆ, ಎಷ್ಟು ಹೀರಿತು ಎಂಬುದರಿಂದ ಪ್ರಮಾಣ ಸಿಗುತ್ತದೆ. ಕೊಳ್ಳುವವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಗ್ಗದ ಕೆಲವು ಮೀಟರುಗಳು ಬೇರೆ ಆವಿಗಳನ್ನು ಅಳೆದು ಅಂದಾಜಿನಲ್ಲಿ ಸಂಖ್ಯೆ ತೋರಿಸುತ್ತವೆ. ಪಕ್ಕದಲ್ಲಿ ಸ್ಯಾನಿಟೈಸರ್ ಬಾಟಲಿಯ ಮುಚ್ಚಳ ತೆಗೆದರೆ ಸಾಕು, ಸಂಖ್ಯೆ ಹಾರುತ್ತದೆ. ಅಂಥದ್ದನ್ನು ತರಗತಿಗೆ ತರಬೇಡಿ.

ಅಂತಿಮ ವರ್ಷದ ನಾಲ್ಕೈದು ವಿದ್ಯಾರ್ಥಿಗಳು ಇದನ್ನೇ ತಮ್ಮ ಪ್ರಾಜೆಕ್ಟ್ ಮಾಡಿಕೊಂಡರು. ನಮ್ಮ ಕಾಲೇಜಿನಲ್ಲಿ ಎರಡು ಕಟ್ಟಡಗಳಿವೆ. ಒಂದು ಹಳೆಯದು: ಎತ್ತರದ ಮಾಳಿಗೆ, ಎದುರುಬದುರು ಉದ್ದನೆಯ ಮರದ ಕಿಟಕಿಗಳು, ಅವುಗಳ ಮೇಲೆ ಹಗ್ಗ ಎಳೆದರೆ ತಿರುಗಿಕೊಳ್ಳುವ ವೆಂಟಿಲೇಟರುಗಳು. ಇನ್ನೊಂದು ಹತ್ತು ಹನ್ನೆರಡು ವರ್ಷದ ಹೊಸ ಬ್ಲಾಕ್: ತಗ್ಗು ಮಾಳಿಗೆ, ಒಂದೇ ಗೋಡೆಯಲ್ಲಿ ಅಲ್ಯೂಮಿನಿಯಂ ಚೌಕಟ್ಟಿನ ಜಾರುವ ಕಿಟಕಿಗಳು, ಇನ್ನೊಂದು ಪಕ್ಕದಲ್ಲಿ ಕಾರಿಡಾರಿಗೆ ತೆರೆದ ಒಂದು ಬಾಗಿಲು. ಜಾರುವ ಕಿಟಕಿಯನ್ನು ಎಷ್ಟೇ ತೆರೆದರೂ ಅರ್ಧ ಗಾಜು ಅಡ್ಡ ನಿಂತೇ ಇರುತ್ತದೆ.

ಹೊಸ ಬ್ಲಾಕಿನಲ್ಲಿ ರಸ್ತೆಯ ಗದ್ದಲಕ್ಕೆ ಹೆದರಿ ಕಿಟಕಿ ಮುಚ್ಚಿ, ಫ್ಯಾನ್ ಹಾಕಿ ಪಾಠ ಮಾಡುವುದು ಹಿಂದಿನಿಂದ ಬಂದ ರೂಢಿ. ಅದೇ ಸ್ಥಿತಿಯಲ್ಲಿ, ಅರ್ಧ ತರಗತಿಯ ಮಕ್ಕಳಷ್ಟೇ ಇದ್ದಾಗ ಅಳೆದೆವು. ಪಾಠ ಮುಗಿಯುವ ಹೊತ್ತಿಗೆ ಮೀಟರು 1,800 ದಾಟಿತ್ತು. ಅದರಲ್ಲಿ ಹೊರಗಿನ ಗಾಳಿಯ 400 ಚಿಲ್ಲರೆ ಕಳೆದು 40,000ದಿಂದ ಭಾಗಿಸಿದರೆ ನೂರಕ್ಕೆ ಮೂರೂವರೆ ಬರುತ್ತದೆ. ಆ ಕೊಠಡಿಯಲ್ಲಿ ನಾವು ಎಳೆದುಕೊಂಡ ನೂರು ಉಸಿರಿನಲ್ಲಿ ಮೂರೂವರೆ ಉಸಿರು ಯಾರದೋ ಶ್ವಾಸಕೋಶದಿಂದ ಬಂದದ್ದು. ಮಕ್ಕಳು ಈ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿ ತೋರಿಸಿದಾಗ ಸಮಿತಿಯ ಹಿರಿಯ ಸದಸ್ಯರೊಬ್ಬರು ಎದ್ದು ಹೋಗಿ ತಾವೇ ಕಿಟಕಿ ಸರಿಸಿದರು. ಕಿಟಕಿಗಳನ್ನೂ ಬಾಗಿಲನ್ನೂ ತೆರೆದು ಅದೇ ಕೊಠಡಿಯನ್ನು ಮತ್ತೆ ಅಳೆದಾಗ 1,000ದ ಹತ್ತಿರ ನಿಂತಿತು. ಹಳೆಯ ಕಟ್ಟಡದಲ್ಲಿ ಎರಡೂ ಬದಿಯ ಕಿಟಕಿ ತೆರೆದಾಗ 600ರ ಮೇಲೆ ಹೋಗಲಿಲ್ಲ. 800ರ ಒಳಗಿರಲಿ ಎಂಬುದು ಆಗ ಹಲವು ತಜ್ಞರು ಹೇಳುತ್ತಿದ್ದ ಮಿತಿ. ಅದನ್ನೇ ನಮ್ಮ ಗುರಿಯಾಗಿ ಇಟ್ಟುಕೊಂಡೆವು.

ಫ್ಯಾನಿನ ವಿಷಯದಲ್ಲಿ ಬಹಳ ಜನರಿಗೆ ಗೊಂದಲವಿತ್ತು. ಮಾಳಿಗೆಯ ಫ್ಯಾನು ಹೊರಗಿನ ಗಾಳಿಯನ್ನು ತರುವುದಿಲ್ಲ, ಒಳಗಿರುವುದನ್ನೇ ಕಲಕುತ್ತದೆ. ಗೋಡೆಗೆ ಹಾಕಿದ ಸ್ಪ್ಲಿಟ್ ಎಸಿಯೂ ಅಷ್ಟೆ, ಕೊಠಡಿಯ ಗಾಳಿಯನ್ನೇ ತಣ್ಣಗೆ ಮಾಡಿ ವಾಪಸು ಬಿಡುತ್ತದೆ. ಈ ಕಾರಣಕ್ಕೆ ಎಸಿ ಇರುವ ನಮ್ಮ ಸೆಮಿನಾರ್ ಹಾಲಿಗೆ ಬೀಗ ಹಾಕಿಸಿದೆವು. ಪ್ರಾಂಶುಪಾಲರಿಗೆ ಅದು ಬೇಸರದ ಸಂಗತಿಯಾಗಿದ್ದರೂ ಅವರು ಮರುಮಾತಾಡದೆ ಸಹಿ ಹಾಕಿದರು.

ಹಳೆಯ ಕಟ್ಟಡದ ಕೆಲಸ ನನಗೆ ಅತ್ಯಂತ ಪ್ರಿಯವಾದದ್ದು. ಕಿಟಕಿಗಳೇನೋ ಇದ್ದವು, ಆದರೆ ಅರ್ಧಕ್ಕರ್ಧ ತೆರೆಯುತ್ತಿರಲಿಲ್ಲ. ಸುಣ್ಣ ಬಣ್ಣ ಮಾಡಿಸಿದಾಗಲೆಲ್ಲ ಕದದ ಸಂದಿಗೆ ಬಣ್ಣ ಇಳಿದು, ಪದರದ ಮೇಲೆ ಪದರ ಗಟ್ಟಿಯಾಗಿ ಕದವೂ ಚೌಕಟ್ಟೂ ಒಂದಾಗಿದ್ದವು. ವೆಂಟಿಲೇಟರಿನ ಹಗ್ಗಗಳು ಎಂದೋ ಹರಿದುಹೋಗಿದ್ದವು. ಕೆಲವಕ್ಕೆ ಪಾರಿವಾಳ ಬರುತ್ತದೆಂದು ಮೊಳೆ ಹೊಡೆದಿದ್ದರು. ಮಂಡಿ ಮೊಹಲ್ಲಾದಿಂದ ವಯಸ್ಸಾದ ಬಡಗಿಯೊಬ್ಬರನ್ನು ನಮ್ಮ ಅಟೆಂಡರ್ ಕರೆತಂದರು. ಅವರು ಉಳಿಯನ್ನು ಹೊಡೆಯಲೇ ಇಲ್ಲ. ತೆಳುವಾದ ಪಟ್ಟಿಯೊಂದನ್ನು ಸಂದಿಗೆ ತೂರಿಸಿ ಮೇಲಿನಿಂದ ಕೆಳಗೆ ನಿಧಾನವಾಗಿ ಎಳೆದರು. ಬಣ್ಣದ ಪದರ ಸುರುಳಿ ಸುರುಳಿಯಾಗಿ ಬಿಟ್ಟುಕೊಂಡಿತು: ಮೇಲೆ ಕಂದು, ಅದರಡಿ ಹಸಿರು, ಎಲ್ಲಕ್ಕಿಂತ ಕೆಳಗೆ ಬೂದು. ಆಮೇಲೆ ಅಂಗೈಯಿಂದ ಕದದ ನಡುವೆ ಒಮ್ಮೆ ಗುದ್ದಿದರು. ಕಿಟಕಿ ತೆರೆದುಕೊಂಡಿತು. “ಇದು ತೇಗ ಮೇಡಂ, ಇನ್ನೂ ನೂರು ವರ್ಷ ಬರುತ್ತದೆ. ತಿಂಗಳಿಗೊಮ್ಮೆ ತಿರುಗಣಿಗೆ ಎಣ್ಣೆ ಬಿಡಿಸಿ,” ಎಂದರು. ವೆಂಟಿಲೇಟರುಗಳಿಗೆ ಹೊಸ ನೈಲಾನ್ ಹಗ್ಗ ಬಂತು, ಪಾರಿವಾಳ ಬಾರದಂತೆ ಹೊರಗಿನಿಂದ ಬಲೆ ಕಟ್ಟಿಸಿದೆವು.

ಆ ಕಟ್ಟಡದಲ್ಲಿ ನಿಂತಾಗ ನನಗೆ ಈ ಊರಿನ ಹಳೆಯ ಸಂಕಟ ನೆನಪಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೈಸೂರಿಗೆ ಪ್ಲೇಗ್ ಬಂದಾಗ ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡಿದ್ದರು. ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ, ಅಗಲವಾದ ಬೀದಿಗಳನ್ನೂ ಹೊಸ ಬಡಾವಣೆಗಳನ್ನೂ ಮಾಡಲು 1903ರಲ್ಲಿ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡ್ ಹುಟ್ಟಿದ್ದು ಆ ಅನುಭವದ ಬೆನ್ನಲ್ಲೇ. ಪ್ಲೇಗ್ ಹರಡುವುದು ಹೆಚ್ಚಾಗಿ ಇಲಿಗಳ ಮೈಮೇಲಿನ ಚಿಗಟದಿಂದ, ಗಾಳಿಯಿಂದ ಅಲ್ಲ. ಆದರೂ ಗಾಳಿ ಬೆಳಕು ಬೇಕೇ ಬೇಕು ಎಂದು ಆ ಕಾಲದವರು ಹಿಡಿದ ಹಟದಿಂದ ಅದಾದ ಮೇಲೆ ಕ್ಷಯವನ್ನು ಎದುರಿಸಲು ಅನುಕೂಲವಾಯಿತು, ನಮ್ಮ ಕಾಲದ ರೋಗವನ್ನು ಎದುರಿಸಲೂ ಆಯಿತು. ಕೆ.ಆರ್.ಎಸ್. ರಸ್ತೆಯಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗದ ಆಸ್ಪತ್ರೆ ಇದೆ. ಕ್ಷಯಕ್ಕೆ ಔಷಧಿಯೇ ಇಲ್ಲದ ಕಾಲದಲ್ಲಿ ಇಂಥ ಆಸ್ಪತ್ರೆಗಳು ರೋಗಿಗಳಿಗೆ ಕೊಡುತ್ತಿದ್ದದ್ದು ಮುಖ್ಯವಾಗಿ ವಿಶ್ರಾಂತಿ, ಆಹಾರ, ತೆರೆದ ಗಾಳಿ. ಯೂರೋಪಿನಲ್ಲಿ 1904ರಲ್ಲೇ ಬರ್ಲಿನ್ ಪಕ್ಕದ ಷಾರ್ಲೊಟ್ಟೆನ್‌ಬರ್ಗಿನಲ್ಲಿ ದುರ್ಬಲ ಮಕ್ಕಳಿಗೆಂದು ಬಯಲು ಶಾಲೆ ತೆರೆದಿದ್ದರು. ತಿಳಿದಿದ್ದ ವಿದ್ಯೆ ಇದು. ಹೊಸ ಬ್ಲಾಕ್ ಕಟ್ಟಿದವರ ಕೈಗೆ ಮಾತ್ರ ಅದು ತಲುಪಿರಲಿಲ್ಲ.

ಹೊಸ ಬ್ಲಾಕಿಗೆ ಬೇರೆಯೇ ಉಪಾಯ ಬೇಕಾಯಿತು. ಗಾಳಿ ಯಾವ ಕಡೆಯಿಂದ ಬಂದು ಎಲ್ಲಿಂದ ಹೋಗುತ್ತಿದೆ ಎಂದು ತಿಳಿಯದೆ ಫ್ಯಾನು ಹಾಕಿಸಿದರೆ ದುಡ್ಡು ದಂಡ. ಮೈಸೂರಿನಲ್ಲಿದ್ದುಕೊಂಡು ಊದುಬತ್ತಿಗೆ ಬರವೇ? ಮಕ್ಕಳು ತಲಾ ಒಂದೊಂದು ಹಚ್ಚಿಕೊಂಡು ಕಿಟಕಿ, ಬಾಗಿಲು, ಮೂಲೆ, ಬೋರ್ಡಿನ ಮುಂದೆ ನಿಂತರು. ಬಾಗಿಲ ಬಳಿಯ ಹೊಗೆ ಚುರುಕಾಗಿ ಕಾರಿಡಾರಿಗೆ ಹೋಗುತ್ತಿತ್ತು. ಕಿಟಕಿಯ ಪಕ್ಕದ್ದು ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ತೂಗಾಡುತ್ತಿತ್ತು. ಹಿಂದಿನ ಎಡ ಮೂಲೆಯಲ್ಲಿ ಮಾತ್ರ ಹೊಗೆ ನೆಟ್ಟಗೆ ಮೇಲೇರಿ, ಮಾಳಿಗೆಗೆ ತಾಗಿ, ಅಲ್ಲೇ ಹರಡಿಕೊಂಡು ಮಡುಗಟ್ಟಿತು. ಆ ಮೂಲೆಯಲ್ಲಿ ಯಾವಾಗಲೂ ನಾಚಿಕೆ ಸ್ವಭಾವದ, ಮುಂದೆ ಬರಲು ಹಿಂಜರಿಯುವ ಮಕ್ಕಳೇ ಕೂರುತ್ತಾರೆ ಎಂಬುದು ನನ್ನ ಮನಸ್ಸಿಗೆ ತಟ್ಟನೆ ಹೊಳೆಯಿತು. ಆ ಗೋಡೆಯ ಮೇಲ್ಭಾಗದಲ್ಲಿ ರಂಧ್ರ ಕೊರೆಸಿ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆವು. ಅದು ಹಳಸಿದ ಗಾಳಿಯನ್ನು ಹೊರಗೆ ದೂಡತೊಡಗಿದಾಗ ಕಿಟಕಿಯ ಹೊಗೆ ತೂಗಾಡುವುದನ್ನು ಬಿಟ್ಟು ಒಂದೇ ಸಮನೆ ಒಳಮುಖವಾಗಿ ಹರಿಯಿತು. ಜಾರುವ ಕಿಟಕಿಗಳ ಅರ್ಧ ಗಾಜುಗಳನ್ನು ಪೂರ್ತಿ ಕಳಚಿ ಗೋದಾಮಿಗೆ ಹಾಕಿಸಿದೆವು. ಮಳೆ ಬಂದರೆ ಏನು ಗತಿ ಎಂದು ಆಗಲೇ ಕೆಲವರು ಕೇಳಿದ್ದರು.

ಲೆಕ್ಕದ ಇನ್ನೊಂದು ಅಂಶವನ್ನು ಹೇಳಬೇಕು. ತಲೆಗೆ ಸೆಕೆಂಡಿಗೆ ಹತ್ತು ಲೀಟರ್ ಹೊಸ ಗಾಳಿ ಸಿಗಬೇಕೆಂದು ಇಟ್ಟುಕೊಂಡರೆ, 50 ಮಂದಿ ಇರುವ ಕೊಠಡಿಗೆ ಗಂಟೆಗೆ 1,800 ಘನ ಮೀಟರ್ ಬೇಕು. ಅದೇ ಕೊಠಡಿಯಲ್ಲಿ 25 ಮಂದಿ ಇದ್ದರೆ 900 ಸಾಕು. ಅಂದರೆ ತರಗತಿಯನ್ನು ಎರಡು ತಂಡ ಮಾಡುವುದು ಬರೀ ದೂರ ಕೂರಿಸುವುದಕ್ಕಲ್ಲ, ಇರುವ ಗಾಳಿ ಎರಡರಷ್ಟು ಸಿಗುವಂತೆ ಮಾಡುವುದಕ್ಕೂ ಹೌದು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾರ್ಗಸೂಚಿಯೂ ಏಕಕಾಲಕ್ಕೆ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಇರಬಾರದು ಎಂದೇ ಹೇಳಿತ್ತು. ನಾವು ತರಗತಿಯನ್ನು ನಲವತ್ತು ನಿಮಿಷಕ್ಕೆ ಇಳಿಸಿ, ನಡುವೆ ಹತ್ತು ನಿಮಿಷ ಕೊಠಡಿ ಖಾಲಿ ಬಿಡುವ ವೇಳಾಪಟ್ಟಿ ಮಾಡಿದೆವು. ಅಧ್ಯಾಪಕರಿಗೆ ಕೆಲಸ ಇಮ್ಮಡಿಯಾಯಿತು. ಅತಿಥಿ ಉಪನ್ಯಾಸಕರು ಕೈಗೆ ಬರಬೇಕಾದ ಸಂಭಾವನೆ ತಡವಾಗುತ್ತಿದ್ದರೂ ಎರಡು ತಂಡಗಳಿಗೂ ಪಾಠ ಮಾಡಿದರು. ಅವರ ಶ್ರಮ ಯಾವ ವರದಿಯಲ್ಲೂ ದಾಖಲಾಗಿಲ್ಲ, ಹಾಗಾಗಿ ಇಲ್ಲಿ ಹೇಳುತ್ತಿದ್ದೇನೆ.

ಪಾಠ ಮಾಡುವವರೂ ಕೊಠಡಿಯ ಗಾಳಿಗೆ ದೊಡ್ಡ ಪಾಲು ಸೇರಿಸುತ್ತಾರೆ. ಗಟ್ಟಿಯಾಗಿ ಮಾತನಾಡಿದಷ್ಟೂ ಹೊರಬೀಳುವ ಕಣಗಳು ಹೆಚ್ಚು. ಮಾಸ್ಕ್ ಹಾಕಿಕೊಂಡು, ತೆರೆದ ಕಿಟಕಿಯಾಚೆಯ ಹಾರ್ನುಗಳ ನಡುವೆ ಹಿಂದಿನ ಬೆಂಚಿಗೆ ಕೇಳಿಸಬೇಕೆಂದರೆ ಕಿರುಚಲೇಬೇಕಾಗುತ್ತಿತ್ತು. ಸೊಂಟಕ್ಕೆ ಕಟ್ಟಿಕೊಳ್ಳುವ ಪುಟ್ಟ ಸ್ಪೀಕರು, ಕಿವಿಗೆ ಸಿಕ್ಕಿಸುವ ಮೈಕು ಇದಕ್ಕೆ ಪರಿಹಾರ ಕೊಟ್ಟವು. ಮನೆಮಾತಿನ ದನಿಯಲ್ಲಿ ಪಾಠ ಮಾಡಿದರೂ ಎಲ್ಲರಿಗೂ ಕೇಳುತ್ತಿತ್ತು, ಗಂಟಲೂ ಉಳಿಯಿತು. ಕಿವಿ ಮಂದವಿದ್ದ ಒಬ್ಬ ವಿದ್ಯಾರ್ಥಿ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದ. ಮಾಸ್ಕ್ ಬಂದ ಮೇಲೆ ಅವನಿಗೆ ತರಗತಿಯೇ ಮುಚ್ಚಿಹೋದಂತಾಗಿತ್ತು. ಅವನಿಗಾಗಿ ಪಾಠದ ಟಿಪ್ಪಣಿಯನ್ನು ಹಿಂದಿನ ರಾತ್ರಿಯೇ ಕಳುಹಿಸಿ, ಬೋರ್ಡಿನ ಮೇಲೆ ಸೂತ್ರಗಳ ಜೊತೆಗೆ ಪೂರ್ತಿ ವಾಕ್ಯಗಳನ್ನು ಬರೆಯುವ ಅಭ್ಯಾಸ ಮಾಡಿಕೊಂಡೆ. ಅದರಿಂದ ಉಳಿದವರ ನೋಟ್ಸ್ ಕೂಡ ಅಚ್ಚುಕಟ್ಟಾಯಿತು.

ಪ್ರಯೋಗಾಲಯದಲ್ಲಿ ನಮಗೆ ತಲೆನೋವಾದದ್ದು ಕತ್ತಲ ಕೋಣೆ. ಸೋಡಿಯಂ ದೀಪದ ಬೆಳಕಿನಲ್ಲಿ ಸ್ಪೆಕ್ಟ್ರೋಮೀಟರ್ (ಬೆಳಕನ್ನು ರೇಖೆಗಳಾಗಿ ಬಿಡಿಸಿ ನೋಡುವ ಉಪಕರಣ) ಪ್ರಯೋಗ ಮಾಡುವ ಆ ಕೋಣೆಗೆ ಕಿಟಕಿಯೇ ಇಲ್ಲ, ಬಾಗಿಲಿಗೆ ಎರಡು ಪದರದ ಕಪ್ಪು ಪರದೆ. ಸಾಲದ್ದಕ್ಕೆ ಆ ಉಪಕರಣದ ಒಂದೇ ದೂರದರ್ಶಕದ ಕಣ್ಣುಗಾಜಿಗೆ ಒಬ್ಬರಾದ ಮೇಲೆ ಒಬ್ಬರು ಮುಖ ಒತ್ತಬೇಕು. ಇಡೀ ಕಾಲೇಜಿನಲ್ಲಿ ಅದಕ್ಕಿಂತ ಕೆಟ್ಟ ಜಾಗವಿರಲಿಲ್ಲ. ಬೆಳಕು ನೇರವಾಗಿ ನುಗ್ಗದಂತೆ ಎರಡು ಕಡೆ ಬಾಗಿಸಿದ, ಒಳಗೆಲ್ಲ ಕಪ್ಪು ಬಣ್ಣ ಬಳಿದ ತಗಡಿನ ಕೊಳವೆಯೊಂದನ್ನು ಮಾಡಿಸಿ ಅದರ ತುದಿಗೆ ಫ್ಯಾನ್ ಜೋಡಿಸಿದೆವು. ಬೆಳಕು ತಿರುವು ದಾಟಲಾರದು, ಗಾಳಿ ದಾಟುತ್ತದೆ. ಒಮ್ಮೆಗೆ ಇಬ್ಬರೇ ಒಳಗೆ. ಕಣ್ಣುಗಾಜಿನ ಬದಲು ಮೊಬೈಲ್ ಕ್ಯಾಮೆರಾ ಹಿಡಿದು ರೇಖೆಗಳನ್ನು ಪರದೆಯ ಮೇಲೆ ನೋಡುವುದು. ಈ ಎರಡನೆಯ ಉಪಾಯ ಒಬ್ಬ ವಿದ್ಯಾರ್ಥಿನಿಯದು. ರೋಗ ಹೋದ ಮೇಲೂ ಅದು ನಮ್ಮ ಲ್ಯಾಬಿನಲ್ಲಿ ಉಳಿದಿದೆ, ಕನ್ನಡಕ ಹಾಕುವ ಮಕ್ಕಳಿಗೆ ತುಂಬ ಅನುಕೂಲ.

ಊಟದ ಹೊತ್ತು ಎಲ್ಲ ಕಟ್ಟುಪಾಡುಗಳೂ ಸಡಿಲವಾಗುತ್ತಿದ್ದವು. ಮಾಸ್ಕ್ ಕಳಚಿ, ತಲೆಗೆ ತಲೆ ತಾಗಿಸಿ, ಒಂದೇ ಡಬ್ಬಿಯ ಚಿತ್ರಾನ್ನಕ್ಕೆ ನಾಲ್ಕು ಕೈ ಹಾಕುವ ವಯಸ್ಸು ಅದು. ಹಂಚಿ ತಿನ್ನಬೇಡಿ ಎಂದು ನಮ್ಮ ಸೀಮೆಯ ಮಕ್ಕಳಿಗೆ ಹೇಳುವುದು ಎಷ್ಟು ಕಷ್ಟ! ಹೇಳಲೇಬೇಕಾಯಿತು. ಕ್ಯಾಂಟೀನಿನ ಒಳಭಾಗ ಮುಚ್ಚಿಸಿ, ಮಳೆಮರಗಳ ಕೆಳಗೆ ಬೆಂಚು ಹಾಕಿಸಿದೆವು.

ಇಷ್ಟೆಲ್ಲ ಆದರೂ ಒಂದು ದೊಡ್ಡ ತೂತು ಉಳಿದಿತ್ತು. ಜನವರಿ 15ರಿಂದ ಎಲ್ಲ ವರ್ಷದ ತರಗತಿಗಳೂ ಆರಂಭವಾಗಿದ್ದವು. ಮದ್ದೂರಿನ ಕಡೆಯಿಂದ ರೈಲಿನಲ್ಲಿ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಒಂದು ಬೆಳಿಗ್ಗೆ ಬೆಂಚಿನ ಮೇಲೆ ತಲೆಯಿಟ್ಟು ಕೂತಿದ್ದಳು. ಹೊರಗೆ ಕರೆದು ಕೇಳಿದೆ. ಎರಡು ದಿನದಿಂದ ಮೈಕೈ ನೋವು, ರಾತ್ರಿ ಜ್ವರ, ಬೆಳಿಗ್ಗೆ ಮಾತ್ರೆ ನುಂಗಿ ಬಂದಿದ್ದಾಳೆ. “ಯಾಕಮ್ಮ ಬಂದೆ?” ಎಂದೆ. “ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಮೇಡಂ. ಹಾಸ್ಟೆಲ್ ಬಿಟ್ಟು ಮನೆಯಿಂದ ಓಡಾಡುತ್ತಿದ್ದೇನೆ, ಈ ವರ್ಷ ಹೋದರೆ ಅಪ್ಪ ಮತ್ತೆ ಕಳಿಸುವುದಿಲ್ಲ,” ಎಂದಳು. ಶೇಕಡ 75ರ ಹಾಜರಾತಿಯ ನಿಯಮ, ಆಂತರಿಕ ಪರೀಕ್ಷೆಯ ಅಂಕ, ಜ್ವರ ಇಳಿಸುವ ಮಾತ್ರೆ. ಇವು ಮೂರೂ ಸೇರಿ ನಮ್ಮ ಥರ್ಮಲ್ ಗನ್ನನ್ನು ದಾಟಿ ಬಂದಿದ್ದವು. ಅವಳಿಗೆ ಪರೀಕ್ಷೆ ಮಾಡಿಸಿದೆವು, ನೆಗೆಟಿವ್ ಬಂತು. ಆದರೆ ಪಾಸಿಟಿವ್ ಇದ್ದವಳೂ ಇದೇ ದಾರಿಯಲ್ಲಿ ಬರುತ್ತಿದ್ದಳು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಕಾಯಿಲೆ ಬಿದ್ದವರು ಮನೆಯಲ್ಲಿ ಉಳಿದರೆ ಅವರಿಗೆ ನಷ್ಟವಾಗಬಾರದು. ಇದು ಕಿಟಕಿಯಷ್ಟೇ ಮುಖ್ಯ, ಬಹುಶಃ ಕಿಟಕಿಗಿಂತ ಒಂದು ಹಿಡಿ ಹೆಚ್ಚು. ವಿಭಾಗದ ಮಟ್ಟದಲ್ಲಿ ನಮ್ಮ ಕೈಯಲ್ಲಿದ್ದದ್ದನ್ನು ಮಾಡಿದೆವು. ಜ್ವರ, ಕೆಮ್ಮು ಇದೆ ಎಂದು ಒಂದು ಸಂದೇಶ ಕಳುಹಿಸಿದರೆ ಸಾಕು, ವೈದ್ಯರ ಪ್ರಮಾಣಪತ್ರ ಕೇಳುವುದಿಲ್ಲ, ಆನ್‌ಲೈನ್ ಹಾಜರಾತಿ ಕೊಡುತ್ತೇವೆ, ತಪ್ಪಿದ ಆಂತರಿಕ ಪರೀಕ್ಷೆಯನ್ನು ಇನ್ನೊಂದು ದಿನ ಬರೆಸುತ್ತೇವೆ. ಸುಳ್ಳು ಹೇಳುವವರು ಹೆಚ್ಚಾಗುತ್ತಾರೆ ಎಂದು ಹೆದರಿಸಿದವರಿದ್ದರು. ಅಂಥದ್ದೇನೂ ಆಗಲಿಲ್ಲ. ಮನೆಯಲ್ಲಿ ಕೂತರೆ ನೆಟ್‌ವರ್ಕ್ ಸಿಗದೆ ಕಬ್ಬಿನ ಗದ್ದೆಯ ಬದುವಿಗೋ ನೀರಿನ ಟ್ಯಾಂಕಿನ ಮೇಲಕ್ಕೋ ಹೋಗಿ ಪಾಠ ಕೇಳಬೇಕಾದ ಮಕ್ಕಳು ಸುಮ್ಮನೆ ಯಾಕೆ ತರಗತಿ ತಪ್ಪಿಸಿಕೊಳ್ಳುತ್ತಾರೆ? ಅಷ್ಟು ಹಂಬಲ ಇತ್ತು ಅವರಿಗೆ ಬೆಂಚಿನ ಮೇಲೆ ಕೂರಲು. ಅಂಥವರಿಗಾಗಿ ಪಾಠದ ಧ್ವನಿಯನ್ನಷ್ಟೇ ಸಣ್ಣ ಕಡತ ಮಾಡಿ, ಬೋರ್ಡಿನ ಚಿತ್ರಗಳ ಜೊತೆ ಕಳುಹಿಸುತ್ತಿದ್ದೆವು. ಅದು ವಿಡಿಯೊಗಿಂತ ಎಷ್ಟೋ ಹಗುರ.

ಏಪ್ರಿಲ್ ಹೊತ್ತಿಗೆ ಎರಡನೆಯ ಅಲೆ ಎಲ್ಲವನ್ನೂ ಕೊಚ್ಚಿಕೊಂಡು ಹೋಯಿತು. 27ರಿಂದ ರಾಜ್ಯವೇ ಮುಚ್ಚಿತು. ಆ ಎರಡು ತಿಂಗಳ ಬಗ್ಗೆ ಹೆಚ್ಚು ಬರೆಯಲಾರೆ. ನಮ್ಮ ಬೋಧಕರಲ್ಲಿ ಒಬ್ಬರು ಹೋದರು. ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ವಿದ್ಯಾರ್ಥಿಗಳ ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಫೋನ್ ಮಾಡುವ ಕೆಲಸವನ್ನು ನಾವು ಹಂಚಿಕೊಂಡೆವು. ಏಪ್ರಿಲ್ 30ರಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಶ್ನೋತ್ತರವನ್ನು ತಿದ್ದಿ, ಗಾಳಿ ಆಡದ ಜನದಟ್ಟಣೆಯ ಒಳಾಂಗಣಗಳಲ್ಲಿ ಸೂಕ್ಷ್ಮ ಕಣಗಳ ಮೂಲಕ ಸೋಂಕು ದೂರಕ್ಕೂ ಹರಡಬಲ್ಲದು ಎಂದು ಒಪ್ಪಿಕೊಂಡಿತು. ಅದನ್ನು ಓದಿದಾಗ ನನಗೆ ಗೆದ್ದೆ ಎನಿಸಲಿಲ್ಲ, ಸಿಟ್ಟು ಬಂತು. ಒಂದು ವರ್ಷ ಮೊದಲು ಇಷ್ಟು ಸ್ಪಷ್ಟವಾಗಿ ಹೇಳಿದ್ದರೆ ಎಷ್ಟು ಕೊಠಡಿಗಳ ಕಿಟಕಿ ತೆರೆದಿರುತ್ತಿದ್ದವು!

ಜುಲೈ 26ರಂದು ಮತ್ತೆ ತೆರೆದೆವು. ಈ ಬಾರಿ ಕನಿಷ್ಠ ಒಂದು ಡೋಸ್ ಲಸಿಕೆ ಪಡೆದವರಿಗೆ ಪ್ರವೇಶ. ಲಸಿಕೆ ಕೊಡುವವರು ಕಾಲೇಜಿಗೇ ಬಂದಿದ್ದರು, ಹಾಗಾಗಿ ಗೇಟಿನ ಗೋಳು ಬಹಳ ಕಡಿಮೆಯಾಗಿತ್ತು. ಆಷಾಢ ಶುರುವಾಗಿತ್ತು. ಜೋರಾಗಿ ಬೀಸುವ ಗಾಳಿಗೆ ನಮ್ಮ ಮೀಟರು 500 ದಾಟಲು ಒದ್ದಾಡುತ್ತಿತ್ತು. ಆದರೆ ಗಾಳಿಯ ಜೊತೆ ಜಡಿಮಳೆ. ಕಿಟಕಿ ಪಕ್ಕದ ಬೆಂಚುಗಳು ನೆನೆದವು, ಹಾಳೆಗಳು ಹಾರಿದವು. ಮಳೆ ಹೊಡೆಯುವ ಬದಿಯ ಕಿಟಕಿಗಳನ್ನು ಮುಚ್ಚಿ, ಮೇಲಿನ ವೆಂಟಿಲೇಟರುಗಳನ್ನೂ ಎದುರು ಬದಿಯ ಕಿಟಕಿಗಳನ್ನೂ ತೆರೆದಿಡುವುದು ಎಂದು ನಿಯಮ ಮಾಡಿಕೊಂಡೆವು. ಬಡಗಿ ಜೋಡಿಸಿಕೊಟ್ಟ ಹಗ್ಗಗಳು ಆಗ ಕೆಲಸಕ್ಕೆ ಬಂದವು. ಹೊಸ ಬ್ಲಾಕಿನಲ್ಲಿ ಆ ಸೌಕರ್ಯವಿಲ್ಲದ್ದರಿಂದ ಕಳಚಿದ ಗಾಜುಗಳ ಜಾಗಕ್ಕೆ ಹೊರಗಿನಿಂದ ತಗಡಿನ ಇಳಿಜಾರು ಹಾಕಿಸಬೇಕಾಯಿತು. ಪ್ರತಿ ಕೊಠಡಿಗೂ ಒಬ್ಬ ವಿದ್ಯಾರ್ಥಿಗೆ ಮೀಟರಿನ ಜವಾಬ್ದಾರಿ ಕೊಟ್ಟಿದ್ದೆವು. 800 ದಾಟಿದರೆ ಕೈ ಎತ್ತಿ ಪಾಠ ನಿಲ್ಲಿಸುವ ಅಧಿಕಾರ ಅವರದು. ಪ್ರಾಂಶುಪಾಲರ ತರಗತಿಯನ್ನೇ ಒಮ್ಮೆ ನಿಲ್ಲಿಸಿದ್ದರು. ಅವರು ಪುಸ್ತಕ ಮಡಿಸಿ, “ಸರಿಯಪ್ಪ, ಬಾಗಿಲು ತೆಗೆ,” ಎಂದು ಕಾದು ನಿಂತರು.

2022ರ ಜನವರಿಯಲ್ಲಿ ಕೊರೊನಾದ ಹೊಸ ತಳಿ ಒಮಿಕ್ರಾನ್ ಬಂದಾಗ ಬಟ್ಟೆಯ ಮಾಸ್ಕ್ ಬಿಟ್ಟು ಎನ್95 ಹಾಕಿಕೊಳ್ಳಲು ಹೇಳಿದೆವು. ಕೊಳ್ಳಲಾಗದವರಿಗೆ ಹಳೆಯ ವಿದ್ಯಾರ್ಥಿಗಳು ಹಣ ಸೇರಿಸಿ ಒದಗಿಸಿದರು. ಸೋಂಕು ಬಂದವರು ಅನೇಕರಿದ್ದರು. ಆದರೆ ಅವರು ಮರೆಮಾಚದೆ ಹೇಳಿದರು, ಮನೆಯಲ್ಲಿ ಉಳಿದರು, ವಾರದ ಮೇಲೆ ಬಂದು ಪರೀಕ್ಷೆ ಬರೆದರು.

ಈಗ ಹೊಸ ಬ್ಲಾಕಿನ ಗಾಜುಗಳು ವಾಪಸು ಚೌಕಟ್ಟಿಗೆ ಬಂದಿವೆ, ಎಸಿ ಹಾಲಿನ ಬೀಗ ತೆಗೆದಿದೆ. ಎಕ್ಸಾಸ್ಟ್ ಫ್ಯಾನುಗಳನ್ನು ಮಾತ್ರ ಯಾರೂ ಮುಟ್ಟದಂತೆ ನೋಡಿಕೊಂಡಿದ್ದೇನೆ. ನೆಗಡಿ, ಫ್ಲೂ, ಕ್ಷಯ ಇವೂ ಗಾಳಿಯಿಂದ ಹರಡುತ್ತವೆ. ಗ್ರಂಥಾಲಯಕ್ಕೆ ಹೊಸ ಕಟ್ಟಡ ಕಟ್ಟುವ ಮಾತು ಬಂದಾಗ ನಕ್ಷೆಯಲ್ಲಿ ಮತ್ತೆ ಅದೇ ಜಾರುವ ಕಿಟಕಿಗಳಿದ್ದವು. ಮಕ್ಕಳ ಅಳತೆಯ ಪಟ್ಟಿಗಳನ್ನು ಎಂಜಿನಿಯರ್ ಮುಂದೆ ಹರಡಿದೆ. ಪೂರ್ತಿ ತೆರೆಯುವ ಕದಗಳು, ಎದುರುಬದುರು ಗೋಡೆಗಳಲ್ಲಿ, ಮೇಲೆ ವೆಂಟಿಲೇಟರ್ ಸಮೇತ, ಎಂದು ತಿದ್ದಿಸಿದ ನಕ್ಷೆಗೆ ಒಪ್ಪಿಗೆ ಸಿಕ್ಕಿದೆ. ಹಾಜರಾತಿಯ ವಿಷಯ ಹಾಗೆಯೇ ಉಳಿದಿದೆ. ಸಾಂಕ್ರಾಮಿಕ ಮುಗಿದ ಕೂಡಲೇ ಹಳೆಯ ನಿಯಮ ಹಾಗೆಯೇ ಮರಳಿತು, ಜ್ವರದ ಮಾತ್ರೆ ನುಂಗಿ ತರಗತಿಗೆ ಬರುವವರೂ ಮರಳಿದ್ದಾರೆ. ಕಾಯಿಲೆಯ ದಿನಗಳನ್ನು ಹಾಜರಾತಿಯ ಲೆಕ್ಕದಿಂದ ಬಿಡಬೇಕು ಎಂಬ ಮನವಿಯನ್ನು ಈ ವರ್ಷವೂ ಅಧ್ಯಯನ ಮಂಡಳಿಯ ಸಭೆಗೆ ಕೊಟ್ಟಿದ್ದೇನೆ.